ರಿಬೌಂಡರ್ ತಂದರೆ ಸಾಲದು: ಐಸ್ ಹಾಕಿ ಪಾಸ್ ಅಭ್ಯಾಸ ಹೀಗೆ ಮಾಡಿ

ರಿಬೌಂಡರ್, ಅಂದರೆ ಕೊಟ್ಟ ಪಾಸ್ ಅನ್ನು ವಾಪಸ್ ಕಳಿಸುವ ಅಭ್ಯಾಸದ ಸಾಧನ, ತಂದ ಮೊದಲ ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಅದರ ರಬ್ಬರ್ ಪಟ್ಟಿಗೆ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಜೋರಾಗಿ ಬಾರಿಸುವುದು, ವಾಪಸ್ ಬಂದ ತಕ್ಷಣ ಮತ್ತೆ ಬಾರಿಸುವುದು. ದಿನಕ್ಕೆ ಇನ್ನೂರು ಮುನ್ನೂರು ಸಲ. ಮೈಯೆಲ್ಲ ಬೆವರು, ಏನೋ ಸಾಧಿಸಿದ ಖುಷಿ. ಆಮೇಲೆ ರಿಂಕ್‌ಗೆ ಹೋಗಿ ನೋಡಿದರೆ ನಾನು ಕೊಟ್ಟ ಪಾಸ್ ಜೊತೆಗಾರನ ಸ್ಕೇಟ್‌ಗೆ ಬಡಿಯಿತು, ಅವನು ಕೊಟ್ಟಿದ್ದು ನನ್ನ ಸ್ಟಿಕ್‌ಗೆ ತಾಗಿ ಮೂರಡಿ ಆಚೆ ಹಾರಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನೂ ಒಂದು ವಾರ ರಿಬೌಂಡರ್‌ಗೇ ಬೈದುಕೊಂಡು ಓಡಾಡಿದೆ. ಡೊಂಕು ಇದ್ದದ್ದು ನಾನು ಅದನ್ನು ಬಳಸಿದ ರೀತಿಯಲ್ಲಿ.

ಆಮೇಲೆ ಗೊತ್ತಾಗಿದ್ದು ಇಷ್ಟು. ಈ ಸಾಧನ ಪಾಸ್ ಕೊಡುವುದನ್ನು ಕಲಿಸುವುದಕ್ಕಿಂತ ಪಾಸ್ ಹಿಡಿಯುವುದನ್ನು ಜಾಸ್ತಿ ಚೆನ್ನಾಗಿ ಕಲಿಸುತ್ತದೆ. ನೀವು ಕೊಟ್ಟಿದ್ದನ್ನೇ ಅದು ವಾಪಸ್ ಕೊಡುತ್ತದೆ. ಪಕ್ ಕುಣಿಯುತ್ತಾ ಹೋದರೆ ಕುಣಿಯುತ್ತಲೇ ಬರುತ್ತದೆ, ಪಕ್ಕಕ್ಕೆ ಹೋದರೆ ಪಕ್ಕಕ್ಕೇ ಬರುತ್ತದೆ. ಅಂದರೆ ನಿಮ್ಮ ಪಾಸ್ ಹಿಡಿಯುವ ಜೊತೆಗಾರನ ಕಷ್ಟ ಏನು ಅಂತ ಮೊದಲ ಸಲ ನಿಮಗೇ ಅನುಭವ ಆಗುತ್ತದೆ. ಅದನ್ನು ಗಮನಿಸದೆ ಬರೀ ಬಾರಿಸುತ್ತಾ ಹೋದರೆ ತಪ್ಪನ್ನೇ ಇನ್ನೂರು ಸಲ ರೂಢಿ ಮಾಡಿಕೊಂಡ ಹಾಗೆ.

ಪಾಸ್‌ಗೆ ಇಷ್ಟೊಂದು ಸಮಯ ಯಾಕೆ, ಶಾಟ್ ಅಭ್ಯಾಸ ಮಾಡಬಾರದಾ ಅನ್ನುವವರಿಗೆ ಒಂದು ಲೆಕ್ಕ. ವೇಯ್ನ್ ಗ್ರೆಟ್ಜ್‌ಕಿ 1979ರಿಂದ 1999ರವರೆಗೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡಿ 894 ಗೋಲ್ ಹೊಡೆದರು, 1963 ಅಸಿಸ್ಟ್, ಅಂದರೆ ಜೊತೆಗಾರನ ಗೋಲ್‌ಗೆ ದಾರಿ ಮಾಡಿದ ಪಾಸ್, ಮಾಡಿದರು. ಗೋಲ್‌ಗೂ ಅಸಿಸ್ಟ್‌ಗೂ ಒಂದೊಂದು ಪಾಯಿಂಟ್. ಗೋಲ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಅಸಿಸ್ಟ್ ಎಣಿಸಿದರೂ ಪಾಯಿಂಟ್ ಪಟ್ಟಿಯಲ್ಲಿ ಅವರೇ ಮೊದಲು. ಎರಡನೇ ಸ್ಥಾನದ ಯಾರೊಮಿರ್ ಯಾಗರ್ ಅವರ ಗೋಲ್, ಅಸಿಸ್ಟ್ ಎಲ್ಲಾ ಸೇರಿಸಿದರೆ 1921. ಸಾಕಲ್ವಾ?

ಏನೇನು ಬೇಕು

ಮೊದಲು ರಿಬೌಂಡರ್. ಎರಡು ಕಂಬದ ನಡುವೆ ಬಿಗಿದ ದಪ್ಪ ರಬ್ಬರ್ ಪಟ್ಟಿ, ಅಷ್ಟೇ. ಒಂದೇ ಬದಿ ಇರುವುದು ಒಬ್ಬರಿಗೆ ಸಾಕು. ಮೂರು ಬದಿಯ ತ್ರಿಕೋನ, ನಾಲ್ಕು ಬದಿಯ ಚೌಕ ಕೂಡ ಸಿಗುತ್ತವೆ. ಅವು ಮೂರು ನಾಲ್ಕು ಜನ ಒಟ್ಟಿಗೆ ಆಡುವಾಗ, ಇಲ್ಲವೇ ಒಬ್ಬರೇ ಅದರ ಸುತ್ತ ಸುತ್ತುತ್ತಾ ಆಡುವಾಗ ಚೆನ್ನ. ಒಬ್ಬರೇ ಇದ್ದೀರಿ, ಜಾಗ ಕಡಿಮೆ ಅಂದರೆ ಒಂದು ಬದಿಯದ್ದೇ ತನ್ನಿ. ಕೊಳ್ಳುವಾಗ ನೋಡಬೇಕಾದದ್ದು ಬಣ್ಣ ಅಲ್ಲ, ತಳ. ತಳ ಹಗುರ ಇದ್ದರೆ ಪ್ರತಿ ಪಾಸ್‌ಗೂ ಸಾಧನ ಒಂದೊಂದು ಇಂಚು ಹಿಂದೆ ಜಾರುತ್ತದೆ, ಪ್ರತಿ ಹತ್ತು ಪಾಸ್‌ಗೆ ಒಮ್ಮೆ ಹೋಗಿ ಎಳೆದು ಸರಿ ಮಾಡುವುದರಲ್ಲೇ ತಾಳ ತಪ್ಪುತ್ತದೆ. ನನ್ನ ಮೊದಲನೆಯದು ಹಾಗೇ ಇತ್ತು, ಕೊನೆಗೆ ಅದರ ಮೇಲೆ ಎರಡು ಮರಳಿನ ಚೀಲ ಹೇರಿದೆ. ಈಗಲೂ ಚೀಲ ಅಲ್ಲೇ ಇವೆ.

ಪಟ್ಟಿಯ ಎತ್ತರ ಮುಖ್ಯ. ಪಕ್‌ನ ದಪ್ಪ ಒಂದೇ ಇಂಚು, ಅಂದರೆ 2.54 ಸೆಂಟಿಮೀಟರ್. ಪಟ್ಟಿ ಆ ಎತ್ತರಕ್ಕೆ ಸರಿಯಾಗಿ, ನೆಲಕ್ಕೆ ಹತ್ತಿರವಾಗಿ ಇರಬೇಕು. ಸ್ವಲ್ಪ ಮೇಲೆ ಇದ್ದರೆ ಪಕ್ ಅಡಿಯಲ್ಲಿ ನುಸುಳಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಪಟ್ಟಿ ಅದರ ತಲೆಯನ್ನು ಅದುಮಿ ಅಡ್ಡಾದಿಡ್ಡಿ ವಾಪಸ್ ಕಳಿಸುತ್ತದೆ. ಎಷ್ಟೋ ಜನ ತಮ್ಮ ಪಾಸ್ ಕೆಟ್ಟದು ಅಂದುಕೊಂಡಿರುತ್ತಾರೆ, ಕೆಟ್ಟಿದ್ದು ಪಟ್ಟಿಯ ಎತ್ತರ.

ನೆಲ. ಸಿಮೆಂಟಿನ ಮೇಲೆ ಮಾಮೂಲಿ ಪಕ್ ಓಡುವುದಿಲ್ಲ, ಎರಡು ಗಜ ಹೋಗಿ ಮಗುಚಿ ಅಂಚಿನ ಮೇಲೆ ಉರುಳುತ್ತದೆ. ಅದಕ್ಕೆ ಪಾಲಿಎಥಿಲೀನ್‌ನ ನುಣುಪು ಹಾಳೆ, ಅಂದರೆ ಶೂಟಿಂಗ್ ಪ್ಯಾಡ್, ಬೇಕು. ಒಂದಕ್ಕೊಂದು ಜೋಡಿಸುವ ಟೈಲ್‌ಗಳೂ ಬರುತ್ತವೆ. ಐಸ್‌ನಷ್ಟು ಜಾರುವುದಿಲ್ಲ, ಆದರೆ ಪಕ್ ಚಪ್ಪಟೆಯಾಗಿ ಓಡುತ್ತದೆ, ನಮಗೆ ಬೇಕಾದದ್ದೂ ಅದೇ. ಪ್ಯಾಡ್ ರಿಬೌಂಡರ್‌ನ ಪಟ್ಟಿಯ ಅಡಿವರೆಗೂ ಹೋಗಬೇಕು. ನಡುವೆ ನಾಲ್ಕು ಇಂಚು ಬರಿ ನೆಲ ಬಿಟ್ಟರೆ ಪಕ್ ಪ್ಯಾಡ್‌ನ ಅಂಚಿಗೆ ಎಡವಿ ಹಾರುತ್ತದೆ, ಹಾರಿದ್ದು ಮೊಣಕಾಲಿಗೇ ಬರುತ್ತದೆ. ಅನುಭವದ ಮಾತು.

ಪ್ಯಾಡ್ ಇಲ್ಲದಿದ್ದರೆ? ನುಣುಪಾದ ನೆಲದ ಮೇಲೆ ಸ್ಟ್ರೀಟ್ ಹಾಕಿಯ ಕಿತ್ತಳೆ ಚೆಂಡು ಅಥವಾ ಇನ್‌ಲೈನ್ ಹಾಕಿಯ ಹಗುರ ಪಕ್ ಸಾಕು. ಚೆಂಡಿನಲ್ಲಿ ಹಿಡಿಯುವ ಮೃದುತ್ವ ಕಲಿಯಬಹುದು, ಕಣ್ಣು ಮೇಲೆತ್ತಿ ಆಡುವುದನ್ನೂ ಕಲಿಯಬಹುದು. ಆದರೆ ಪಕ್ ಚಪ್ಪಟೆಯಾಗಿ ತಿರುಗುತ್ತಾ ಹೋಗುವುದನ್ನು ಚೆಂಡು ಕಲಿಸುವುದಿಲ್ಲ, ಅದು ಹೇಗೆ ಹೊಡೆದರೂ ಉರುಳುತ್ತದೆ.

ಪಕ್‌ಗಳು. ಪಂದ್ಯದ ಪಕ್ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್, ಅಗಲ ಮೂರು ಇಂಚು, ತೂಕ 156ರಿಂದ 170 ಗ್ರಾಂ. ನಾಲ್ಕೈದು ಇಟ್ಟುಕೊಳ್ಳಿ, ಒಂದೇ ಪಕ್ ಇದ್ದರೆ ಅರ್ಧ ಸಮಯ ಅದನ್ನು ಹುಡುಕುವುದಕ್ಕೇ ಹೋಗುತ್ತದೆ. ಅಭ್ಯಾಸಕ್ಕೆ ಅಂತಲೇ ಸಿಗುವ ಭಾರದ ಪಕ್ ಸುಮಾರು 283 ಗ್ರಾಂ, ಸಾಮಾನ್ಯವಾಗಿ ಕಿತ್ತಳೆ ಬಣ್ಣ. ಚಿಕ್ಕ ಮಕ್ಕಳಿಗೆ ಸುಮಾರು 113 ಗ್ರಾಂನ ನೀಲಿ ಪಕ್ ಇದೆ, ಮಕ್ಕಳಿಗೆ ಅದನ್ನೇ ಕೊಡಿ. ದೊಡ್ಡವರ ಪಕ್ ಕೊಟ್ಟರೆ ಅವರು ಕೈಯ ಬದಲು ಇಡೀ ಮೈ ಹಾಕಿ ತಳ್ಳುವುದನ್ನು ಕಲಿಯುತ್ತಾರೆ, ಆಮೇಲೆ ಅದನ್ನು ಬಿಡಿಸುವುದು ತ್ರಾಸ.

ಇನ್ನು ಯಾರೂ ಹೇಳದ ವಿಷಯ, ಸ್ಟಿಕ್‌ನ ಉದ್ದ. ಸ್ಕೇಟ್ ಹಾಕಿದಾಗ ನೀವು ಎರಡು ಮೂರು ಇಂಚು ಎತ್ತರ ಆಗುತ್ತೀರಿ. ಅದೇ ಸ್ಟಿಕ್ ಹಿಡಿದು ಬೂಟಿನಲ್ಲಿ ನಿಂತರೆ ಮೇಲಿನ ಕೈ ಕೆಳಗಿಳಿಯುತ್ತದೆ, ಕೋಲು ಮಲಗುತ್ತದೆ, ಬ್ಲೇಡ್‌ನ (ಸ್ಟಿಕ್‌ನ ಕೆಳಗಿನ ಅಗಲ ಭಾಗದ) ತುದಿ ನೆಲದಿಂದ ಮೇಲೇಳುತ್ತದೆ. ಆ ಸಂದಿಯಲ್ಲಿ ಪಕ್ ನುಸುಳಿದರೆ ನಿಮ್ಮ ತಪ್ಪಲ್ಲ. ಹಳೆಯ ಸ್ಟಿಕ್ ಒಂದನ್ನು ಎರಡು ಮೂರು ಇಂಚು ಕತ್ತರಿಸಿ ಮನೆ ಅಭ್ಯಾಸಕ್ಕೇ ಇಡಿ. ಕತ್ತರಿಸಲು ಮನಸ್ಸು ಬರದಿದ್ದರೆ ಅಷ್ಟೇ ದಪ್ಪದ ಗಟ್ಟಿ ಹಲಗೆಯ ಮೇಲೆ ನಿಂತು ಆಡಿ, ಆದರೆ ಹಲಗೆ ಮೇಲೆ ನಿಂತವರಿಗೆ ಪಕ್ಕಕ್ಕೆ ಸರಿಯಲು ಆಗುವುದಿಲ್ಲ, ಮುಂದಿನ ಅರ್ಧ ಅಭ್ಯಾಸ ಕೈತಪ್ಪುತ್ತದೆ. ಹಳೆಯ ಸ್ಟಿಕ್ ಇಡುವುದಕ್ಕೆ ಇನ್ನೊಂದು ಕಾರಣ, ಪ್ಯಾಡ್ ಮತ್ತು ಟೈಲ್ ಬ್ಲೇಡ್‌ನ ತಳವನ್ನು ಐಸ್‌ಗಿಂತ ಬೇಗ ಸವೆಸುತ್ತವೆ.

ಗ್ಲೌಸ್ ಹಾಕಿಕೊಂಡೇ ಆಡಿ. ಬರಿಗೈಯಲ್ಲಿ ಸ್ಪರ್ಶ ಚೆನ್ನಾಗಿ ಸಿಗುತ್ತದೆ ನಿಜ, ಆದರೆ ಪಂದ್ಯದಲ್ಲಿ ಬರಿಗೈ ಇರುವುದಿಲ್ಲ. ಹಿಂದೆ ಕಿಟಕಿ ಗಾಜು ಇದ್ದರೆ ರಿಬೌಂಡರ್‌ನ ಹಿಂದೆ ದಪ್ಪ ಕಂಬಳಿ ಕಟ್ಟಿ. ಪಕ್ ಎತ್ತಿ ಕೊಡುವ ಅಭ್ಯಾಸ ಶುರು ಮಾಡಿದ ದಿನದಿಂದ ಹೆಲ್ಮೆಟ್ ಕೂಡ.

ಮೊದಲ ವಾರ: ಸದ್ದು ಕೇಳಿಸಿಕೊಳ್ಳಿ

ಪಟ್ಟಿಯಿಂದ ಎರಡೂವರೆ, ಮೂರು ಮೀಟರ್ ದೂರ ನಿಲ್ಲಿ. ಮೊಣಕಾಲು ಬಗ್ಗಿಸಿ. ಮೇಲಿನ ಕೈ ಹೊಟ್ಟೆಗೆ ಅಂಟಿರಬಾರದು, ಮೈಯಿಂದ ಮುಂದೆ, ಅತ್ತಿತ್ತ ಆಡಲು ಬಿಡುವಾಗಿರಬೇಕು. ಈ ಒಂದು ತಪ್ಪು ಸರಿಯಾದರೆ ಅರ್ಧ ತಪ್ಪು ತಾನಾಗಿ ಹೋಗುತ್ತದೆ. ಮೇಲಿನ ಕೈ ಪಕ್ಕೆಗೆ ಅಂಟಿದ್ದರೆ ಬ್ಲೇಡ್ ಅರ್ಧ ಚಂದ್ರನ ಹಾಗೆ ಸುತ್ತುತ್ತದೆ, ಪಾಸ್ ಯಾವತ್ತೂ ಗುರಿಯ ಒಂದು ಪಕ್ಕಕ್ಕೇ ಹೋಗುತ್ತದೆ.

ಪಕ್ ಅನ್ನು ಬ್ಲೇಡ್‌ನ ಹಿಮ್ಮಡಿಯ, ಅಂದರೆ ಬ್ಲೇಡ್ ಕೋಲಿಗೆ ಸೇರುವ ಕಡೆಯ, ಹತ್ತಿರ ಇಟ್ಟುಕೊಂಡು ಶುರು ಮಾಡಿ. ಬ್ಲೇಡ್ ಮುಂದೆ ಒಯ್ಯುತ್ತಿದ್ದ ಹಾಗೆ ಪಕ್ ಹಿಮ್ಮಡಿಯಿಂದ ತುದಿಯ ಕಡೆ ಉರುಳುತ್ತಾ ಹೋಗಬೇಕು. ಆ ಉರುಳುವಿಕೆಯೇ ಅದಕ್ಕೆ ತಿರುಗು ಕೊಡುತ್ತದೆ. ಬುಗುರಿ ನೆನಪಿಸಿಕೊಳ್ಳಿ, ಜೋರಾಗಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ತಿರುಗು ಕಡಿಮೆ ಆದರೆ ತೂರಾಡುತ್ತದೆ. ಪಕ್ ಕೂಡ ಅದೇ ಜಾತಿ. ಬ್ಲೇಡ್‌ನಿಂದ ಪಕ್‌ಗೆ ಚಟಾರನೆ ಹೊಡೆದರೆ ಅದಕ್ಕೆ ತಿರುಗು ಸಿಗುವುದಿಲ್ಲ, ಓಲಾಡುತ್ತಾ ಹೋಗುತ್ತದೆ. ಹೊಡೆಯಬೇಡಿ, ಒಯ್ದು ಬಿಡಿ. ತೂಕ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಬರಬೇಕು. ಬಿಟ್ಟ ಮೇಲೆ ಬ್ಲೇಡ್ ನೆಲಕ್ಕೆ ಹತ್ತಿರವೇ ಇದ್ದು ಗುರಿಯ ಕಡೆ ಬೊಟ್ಟು ಮಾಡಿ ನಿಲ್ಲಬೇಕು. ಬ್ಲೇಡ್ ಮೇಲಕ್ಕೆ ಎದ್ದರೆ ಪಕ್ ಕೂಡ ಏಳುತ್ತದೆ.

ಪಕ್ ಮೇಲೆ ಬಿಳಿ ಟೇಪಿನ ಒಂದು ಗೆರೆ ಅಂಟಿಸಿ. ಚೆನ್ನಾಗಿ ತಿರುಗುತ್ತಿದ್ದರೆ ಗೆರೆ ಮಸುಕಾಗಿ ಕಾಣುತ್ತದೆ. ಗೆರೆ ಗೆರೆಯಾಗಿಯೇ ಕಂಡರೆ ನೀವು ತಳ್ಳಿದ್ದೀರಿ, ಉರುಳಿಸಿಲ್ಲ. ಐದು ಪೈಸೆ ಖರ್ಚಿಲ್ಲದ ಈ ಉಪಾಯ ನನಗೆ ಕಲಿಸಿದಷ್ಟು ಯಾವ ದುಬಾರಿ ಸಾಧನವೂ ಕಲಿಸಲಿಲ್ಲ.

ಈಗ ಹಿಡಿಯುವುದು. ವಾಪಸ್ ಬರುವ ಪಕ್‌ಗೆ ಬ್ಲೇಡ್ ನೇರವಾಗಿ ಎದುರಾಗಬೇಕು, ಮೇಲಂಚು ಒಂದಿಷ್ಟು ಮುಂದಕ್ಕೆ ಬಾಗಿರಬೇಕು, ಪಕ್ ಮೇಲೆ ಮುಚ್ಚಳ ಹಾಕಿದ ಹಾಗೆ. ಪಕ್ ತಾಗುವ ಕ್ಷಣದಲ್ಲಿ ಬ್ಲೇಡ್ ಅದರ ಜೊತೆಗೇ ಅರ್ಧ ಅಡಿ ಹಿಂದೆ ಬರಬೇಕು. ಯಾರಾದರೂ ಮೊಟ್ಟೆ ಎಸೆದರೆ ಕೈಯನ್ನು ಹೇಗೆ ಹಿಂದೆ ತರುತ್ತಾ ಹಿಡಿಯುತ್ತೀರೋ ಹಾಗೆ. ಕೆಳಗಿನ ಕೈಯ ಹಿಡಿತ ಸಡಿಲ ಇರಲಿ. ಕೆಳಗಿನ ಕೈ ಬಿಗಿದರೆ ಸ್ಟಿಕ್ ಗೋಡೆ ಆಗುತ್ತದೆ, ಗೋಡೆಗೆ ಬಡಿದದ್ದು ವಾಪಸ್ ಹಾರುವುದು ಸಹಜ.

ಇದನ್ನು ಕಣ್ಣಿನಿಂದ ಅಳೆಯಬೇಡಿ, ಕಿವಿಯಿಂದ ಅಳೆಯಿರಿ. ಪಕ್ ಬಂದು ತಾಗಿದಾಗ ಠಪ್ ಅಂತ ಜೋರು ಸದ್ದು ಬಂದರೆ ಕೈ ಬಿಗಿ ಇದೆ. ಮೃದುವಾಗಿ ಹಿಡಿದರೆ ಸದ್ದೇ ಇರುವುದಿಲ್ಲ. ಮೊದಲ ವಾರ ನನ್ನ ನಿಯಮ ಒಂದೇ, ಸದ್ದಿಲ್ಲದೆ ಸತತ ಇಪ್ಪತ್ತು ಹಿಡಿಯಬೇಕು, ಒಂದು ಸದ್ದಾದರೂ ಮತ್ತೆ ಸೊನ್ನೆಯಿಂದ ಎಣಿಕೆ. ಹದಿನೆಂಟಕ್ಕೆ ತಲುಪಿ ತಪ್ಪಿದಾಗ ಬರುವ ಸಿಟ್ಟು ಇದೆಯಲ್ಲ, ಪಂದ್ಯದ ಒತ್ತಡಕ್ಕೆ ಅದು ಒಳ್ಳೆಯ ತಾಲೀಮು.

ಹಿಡಿದ ಮೇಲೆ ಒಂದು ಕ್ಷಣ ನಿಲ್ಲಿ. ಪಕ್ ಮತ್ತೆ ಹಿಮ್ಮಡಿಗೆ ಬರಲಿ. ಆಮೇಲೆ ಕೊಡಿ. ಮೊದಲ ವಾರ ಇಷ್ಟೇ, ನಿಧಾನ ಅನ್ನಿಸಿದರೂ ಪರವಾಗಿಲ್ಲ.

ಬ್ಯಾಕ್‌ಹ್ಯಾಂಡ್, ಅಂದರೆ ಬ್ಲೇಡ್‌ನ ಹಿಂಬದಿಯಿಂದ ಆಡುವುದು, ಅದರ ಬಗ್ಗೆ ಒಂದೇ ಮಾತು. ಅರ್ಧ ಪಾಸ್ ಅದರಲ್ಲೇ ಆಗಬೇಕು. ಕಷ್ಟ ಅಂತ ಎಲ್ಲರೂ ತಪ್ಪಿಸುತ್ತಾರೆ, ಎದುರಾಳಿಗಳಿಗೂ ಅದು ಗೊತ್ತು, ಅದಕ್ಕೇ ಅವರು ನಿಮ್ಮನ್ನು ಆ ಕಡೆಗೇ ತಳ್ಳುತ್ತಾರೆ.

ರಿಬೌಂಡರ್ ತುಂಬಾ ಒಳ್ಳೆಯವನು, ಅದೇ ಸಮಸ್ಯೆ

ಎರಡನೇ ವಾರಕ್ಕೆ ನಿಮಗೆ ಬೋರ್ ಆಗಬೇಕು. ಆಗದಿದ್ದರೆ ನೀವು ಹಾಯಾಗಿದ್ದೀರಿ ಅಂತ ಅರ್ಥ, ಅದು ಒಳ್ಳೆಯ ಲಕ್ಷಣ ಅಲ್ಲ. ಪಟ್ಟಿ ಪಕ್ ಅನ್ನು ಅದೇ ಜಾಗಕ್ಕೆ, ಹೆಚ್ಚು ಕಡಿಮೆ ಅದೇ ವೇಗದಲ್ಲಿ ತಂದುಕೊಡುತ್ತದೆ. ಪಂದ್ಯದಲ್ಲಿ ಯಾರೂ ಅಷ್ಟು ಒಳ್ಳೆಯವರಲ್ಲ. ಪಾಸ್ ನಿಮ್ಮ ಕಾಲಿಗೆ ಬರುತ್ತದೆ, ಬೆನ್ನ ಹಿಂದೆ ಬರುತ್ತದೆ, ಕುಣಿಯುತ್ತಾ ಬರುತ್ತದೆ. ಹಾಗಾಗಿ ಇನ್ನು ಮುಂದೆ ಸಾಧನವನ್ನು ಬೇಕಂತಲೇ ಕೆಡಿಸಬೇಕು.

ನೇರ ನಿಲ್ಲುವ ಬದಲು ಓರೆಯಾಗಿ ನಿಲ್ಲಿ. ಬೆಳಕು ಕನ್ನಡಿಗೆ ಬಿದ್ದ ಹಾಗೆ ಪಕ್ ಎಷ್ಟು ಓರೆಯಲ್ಲಿ ಪಟ್ಟಿಗೆ ಹೋಗುತ್ತದೋ ಹೆಚ್ಚು ಕಡಿಮೆ ಅಷ್ಟೇ ಓರೆಯಲ್ಲಿ ಆಚೆ ಬದಿಗೆ ಹೊರಡುತ್ತದೆ. ಅಂದರೆ ಪಾಸ್ ಕೊಟ್ಟ ಜಾಗದಲ್ಲೇ ನಿಂತರೆ ಪಕ್ ಸಿಗುವುದಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಹಿಡಿಯಬೇಕು. ಬಲಗಡೆ ಫೋರ್‌ಹ್ಯಾಂಡ್‌ನಲ್ಲಿ ಕೊಡಿ, ಎಡಗಡೆ ಸರಿದು ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿಯಿರಿ, ಅಲ್ಲಿಂದಲೇ ವಾಪಸ್ ಕೊಡಿ. ಕಾಲು ನಿಲ್ಲಬಾರದು. ಒಂದು ನಿಮಿಷ ಮಾಡಿ ನೋಡಿ, ತೊಡೆ ಉರಿಯುತ್ತದೆ. ಪಂದ್ಯದಲ್ಲಿ ಒಂದು ಶಿಫ್ಟ್, ಅಂದರೆ ಆಟಗಾರ ಒಮ್ಮೆ ಐಸ್‌ಗೆ ಇಳಿದು ಮತ್ತೆ ಬೆಂಚಿಗೆ ಬರುವಷ್ಟು ಹೊತ್ತು, ಸಾಮಾನ್ಯವಾಗಿ 45 ಸೆಕೆಂಡಿನ ಆಸುಪಾಸು ಇರುತ್ತದೆ, ಅದಕ್ಕೇ ನಾನು ಈ ಅಭ್ಯಾಸವನ್ನು 45 ಸೆಕೆಂಡ್ ಮಾಡಿ ಒಂದೂವರೆ ನಿಮಿಷ ಸುಧಾರಿಸಿಕೊಳ್ಳುತ್ತೇನೆ.

ಇನ್ನೊಂದು, ನಿಮ್ಮ ಮತ್ತು ಪಟ್ಟಿಯ ನಡುವೆ ಅಡ್ಡಿಗಳನ್ನು ಇಡಿ. ಎರಡು ಬಾಟಲಿ, ಎರಡು ಬೂಟು, ಏನಾದರೂ ಸರಿ. ಒಂದೂವರೆ ಅಡಿ ಸಂದಿಯಲ್ಲಿ ಪಾಸ್ ಹೋಗಿ ಬರಬೇಕು. ಸಲೀಸಾದ ಮೇಲೆ ಒಂದು ಅಡಿ. ಅದಕ್ಕಿಂತ ಕಡಿಮೆ ಮಾಡಬೇಡಿ, ಅಲ್ಲಿಂದಾಚೆಗೆ ಅದು ಪಾಸ್ ಅಭ್ಯಾಸ ಆಗದೆ ಸುಮ್ನೆ ಸರ್ಕಸ್ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯ ಕಣ್ಣು. ಪಕ್ ನೋಡುತ್ತಾ ಪಾಸ್ ಕೊಡುವವರಿಗೆ ಎದುರಾಳಿ ಬರುವುದು ಕಾಣುವುದಿಲ್ಲ, ಹೊಡೆತ ಬಿದ್ದ ಮೇಲೇ ಗೊತ್ತಾಗುತ್ತದೆ. ರಿಬೌಂಡರ್‌ನ ಹಿಂದೆ, ತಲೆಯ ಎತ್ತರಕ್ಕೆ ಯಾರನ್ನಾದರೂ ನಿಲ್ಲಿಸಿ ಬೆರಳು ತೋರಿಸಲು ಹೇಳಿ. ಪಕ್ ನಿಮ್ಮಿಂದ ಹೊರಟು ವಾಪಸ್ ಬರುವಷ್ಟರಲ್ಲಿ ಎಷ್ಟು ಬೆರಳು ಅಂತ ನೀವು ಕೂಗಿ ಹೇಳಬೇಕು. ಯಾರೂ ಸಿಗದಿದ್ದರೆ ಟಿವಿಯೋ ಫೋನೋ ಇಟ್ಟು ಪಂದ್ಯ ಹಾಕಿ, ಅದರ ಸ್ಕೋರ್ ಓದುತ್ತಾ ಆಡಿ. ಬರುವ ಪಕ್ ಅನ್ನು ಕಣ್ಣಿನ ಕೆಳ ಅಂಚಿನಲ್ಲಿ ಮಾತ್ರ ನೋಡಬೇಕು. ಮೊದಲ ದಿನ ಹತ್ತರಲ್ಲಿ ಐದು ತಪ್ಪುತ್ತದೆ, ನನಗೆ ಏಳು ತಪ್ಪಿತ್ತು.

ಒಂದೇ ಮುಟ್ಟಿಗೆ

ಪಕ್ ಹಿಡಿದು ನಿಲ್ಲಿಸದೆ ಬಂದದ್ದನ್ನು ಬಂದ ಹಾಗೇ ಕಳಿಸುವುದು ಒನ್ ಟಚ್. ಇಲ್ಲಿ ಹಿಂದೆ ಹೇಳಿದ್ದೆಲ್ಲ ತಲೆಕೆಳಗು. ಕೆಳಗಿನ ಕೈ ಈಗ ಬಿಗಿ, ಬ್ಲೇಡ್ ಗಟ್ಟಿ, ಹಿಂದೆ ಬರುವಂತಿಲ್ಲ. ಜೋರಾಗಿ ಬೀಸುವ ಅಗತ್ಯವೂ ಇಲ್ಲ, ಬಂದ ವೇಗವನ್ನೇ ಸಾಲ ಪಡೆದು ದಿಕ್ಕು ಮಾತ್ರ ಬದಲಿಸಿದರೆ ಸಾಕು. ಎರಡು ಮೀಟರ್ ದೂರದಿಂದ ಶುರು ಮಾಡಿ, ಸತತ ಹತ್ತು ಆದ ಮೇಲೆ ಹಿಂದೆ ಸರಿಯಿರಿ.

ಮೃದು ಕೈ ಗೊತ್ತು, ಗಟ್ಟಿ ಕೈ ಗೊತ್ತು, ಆದರೆ ಒಂದರಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುವುದು ಗೊತ್ತಿಲ್ಲ, ಬಹಳ ಜನರ ಕಷ್ಟ ಇದೇ. ಇದಕ್ಕೆ ಜೊತೆಗೊಬ್ಬರು ಬೇಕು. ಪಕ್ ಪಟ್ಟಿಗೆ ತಾಗಿದ ಕೂಡಲೇ ಅವರು ‘ಹಿಡಿ’ ಅಥವಾ ‘ಬಿಡು’ ಅಂತ ಕೂಗಬೇಕು. ಹಿಡಿ ಅಂದರೆ ಸದ್ದಿಲ್ಲದೆ ನಿಲ್ಲಿಸಿ, ಬಿಡು ಅಂದರೆ ಒಂದೇ ಮುಟ್ಟಿಗೆ ಕಳಿಸಿ. ಮಕ್ಕಳಿಗೆ ಇದು ಆಟ, ನಗುತ್ತಾ ನಗುತ್ತಾ ಅರ್ಧ ಗಂಟೆ ಆಡುತ್ತಾರೆ. ಕೂಗುವ ಕೆಲಸವನ್ನು ಮಗುವಿಗೆ ಕೊಟ್ಟು ನೋಡಿ, ಬೇಕಂತಲೇ ತಡವಾಗಿ ಕೂಗುತ್ತದೆ, ಅದರಷ್ಟು ಕ್ರೂರ ತರಬೇತುದಾರ ಯಾರೂ ಇಲ್ಲ.

ಸಾಸರ್ ಪಾಸ್‌ಗೆ ಪಟ್ಟಿ ಬೇಡ

ಎದುರಾಳಿಯ ಸ್ಟಿಕ್ ಅಡ್ಡ ಇದ್ದಾಗ ಅದರ ಮೇಲಿಂದ ಹಾರಿಸಿ, ಆಚೆ ಚಪ್ಪಟೆಯಾಗಿ ಇಳಿಯುವ ಹಾಗೆ ಕೊಡುವುದು ಸಾಸರ್ ಪಾಸ್. ರಿಬೌಂಡರ್ ಇದಕ್ಕೆ ಬಾರದು, ಪಟ್ಟಿ ನೆಲಕ್ಕೇ ಇರುತ್ತದೆ, ಪಕ್ ಅದರ ಮೇಲಿಂದ ಹೋಗಿಬಿಡುತ್ತದೆ. ಬದಲಿಗೆ ಒಂದು ಚಿಕ್ಕ ಬಲೆ, ಇಲ್ಲದಿದ್ದರೆ ಗೋಡೆಗೆ ಇಳಿಬಿಟ್ಟ ಕಂಬಳಿ. ನಡುವೆ ಅಡ್ಡಿಗೆ ಎರಡು ಮೂರು ಪಕ್ ಒಂದರ ಮೇಲೊಂದು ಪೇರಿಸಿ, ಅಂಥ ಎರಡು ಪೇರಿಕೆಯ ಮೇಲೆ ಹಳೆ ಸ್ಟಿಕ್ ಮಲಗಿಸಿ. ನೆಲದ ಮೇಲೆ ಮಲಗಿದ ಎದುರಾಳಿಯ ಸ್ಟಿಕ್ ಅಷ್ಟೇ ಎತ್ತರ ಇರುವುದು. ಅದನ್ನು ದಾಟಿದರೆ ಸಾಕು, ಮೊಣಕಾಲೆತ್ತರ ಹಾರಿಸಿದರೆ ಹಿಡಿಯುವವನು ಶಾಪ ಹಾಕುತ್ತಾನೆ.

ಪಕ್ ಹಿಮ್ಮಡಿಯಲ್ಲೇ ಇರಲಿ, ಬ್ಲೇಡ್‌ನ ಮುಖ ಒಂದಿಷ್ಟು ಆಕಾಶ ನೋಡಲಿ. ಅಲ್ಲಿಂದ ತುದಿಯವರೆಗೆ ಪಕ್‌ನ ಅಡಿಯಲ್ಲಿ ಬ್ಲೇಡ್ ಕೊಯ್ದ ಹಾಗೆ ಚುರುಕಾಗಿ ಎಳೆದು ಬಿಡಿ. ಎತ್ತುವುದಲ್ಲ, ಕೊಯ್ಯುವುದು. ಎತ್ತಿದರೆ ಪಕ್ ಕಾಸಿನ ಹಾಗೆ ಪಲ್ಟಿ ಹೊಡೆಯುತ್ತದೆ. ಇಲ್ಲೂ ಬುಗುರಿಯೇ, ತಿರುಗು ಜೋರಾಗಿದ್ದರೆ ಗಾಳಿಯಲ್ಲೂ ಚಪ್ಪಟೆ ಇರುತ್ತದೆ, ಇಳಿದಾಗ ಕುಣಿಯುವುದಿಲ್ಲ. ಇಳಿಯುವ ಜಾಗ ಜೊತೆಗಾರನ ಬ್ಲೇಡ್ ಅಲ್ಲ, ಅದಕ್ಕಿಂತ ಒಂದೆರಡು ಮೀಟರ್ ಈಚೆ. ಪ್ಯಾಡ್ ಮೇಲೆ ಟೇಪಿನಿಂದ ಒಂದು ಗೆರೆ ಹಾಕಿ, ಅದರ ಈಚೆಗೇ ಪಕ್ ಇಳಿದು ಉಳಿದ ದೂರ ಜಾರುತ್ತಾ ಹೋಗಬೇಕು.

ಪಕ್ ಬೆಚ್ಚಗಿದ್ದಷ್ಟೂ ಕುಣಿತ ಜಾಸ್ತಿ. ಎನ್‌ಎಚ್‌ಎಲ್ ಪಂದ್ಯಗಳಲ್ಲಿ ಪಕ್‌ಗಳನ್ನು ಮೊದಲೇ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ ಇಟ್ಟಿರುವುದು ಅದಕ್ಕೇ. ನಾನೂ ಒಮ್ಮೆ ಫ್ರಿಜ್ಜಿನಲ್ಲಿ ಇಟ್ಟು ನೋಡಿದೆ. ಕುಣಿತ ಕಡಿಮೆ ಆಯಿತು, ಆದರೆ ಪಕ್ ಬೆವರಿ ಪ್ಯಾಡ್ ಎಲ್ಲಾ ಒದ್ದೆ, ಮನೆಯವರಿಂದ ಬೈಗುಳ ಬೇರೆ.

ಭಾರದ ಪಕ್, ಎಚ್ಚರ

283 ಗ್ರಾಂನ ಪಕ್ ಮಣಿಕಟ್ಟಿಗೆ, ಮುಂಗೈಗೆ ಒಳ್ಳೆಯದು. ಅದನ್ನು ಒಯ್ದು ಬಿಡಲೇಬೇಕು, ಹೊಡೆದರೆ ಹೋಗುವುದಿಲ್ಲ, ಆ ಲೆಕ್ಕದಲ್ಲಿ ಅದು ಸರಿಯಾದ ರೀತಿಯನ್ನು ಬಲವಂತವಾಗಿ ಕಲಿಸುತ್ತದೆ. ಆದರೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಸಾಸರ್‌ಗಂತೂ ಬೇಡವೇ ಬೇಡ. ಭಾರದ್ದು ಬಳಸಿದ ಮೇಲೆ ಕಡ್ಡಾಯವಾಗಿ ಮಾಮೂಲಿ ಪಕ್‌ನಲ್ಲಿ ಮೂವತ್ತು ಪಾಸ್ ಮಾಡಿ ಮುಗಿಸಿ. ಹಾಗೆ ಮಾಡದೆ ಭಾರದ ಪಕ್‌ನಿಂದ ನೇರ ಪಂದ್ಯಕ್ಕೆ ಹೋದರೆ ಕೈಯ ಅಂದಾಜು ಕೆಟ್ಟಿರುತ್ತದೆ, ಮೊದಲ ಐದು ಪಾಸ್ ಬೋರ್ಡ್ (ರಿಂಕ್ ಸುತ್ತಲಿನ ತಡೆಗೋಡೆ) ಪಾಲು. ಮಣಿಕಟ್ಟು ನೋಯುತ್ತಿದ್ದರೆ ಆ ದಿನ ಅದನ್ನು ಮುಟ್ಟಬೇಡಿ.

ಐಸ್ ಮೇಲೆ

ಮನೆಯ ಅಭ್ಯಾಸ ಕಲಿಸದ ಒಂದು ಸಂಗತಿ ಇದೆ. ಪಟ್ಟಿ ಓಡುವುದಿಲ್ಲ, ಜೊತೆಗಾರ ಓಡುತ್ತಾನೆ. ಲೆಕ್ಕ ನೋಡಿ. ಪಾಸ್ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 9 ಮೀಟರ್ ಹೋಗಬೇಕು ಅಂದರೆ 0.6 ಸೆಕೆಂಡ್ ಬೇಕು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿರುವ ಜೊತೆಗಾರ ಅಷ್ಟರಲ್ಲಿ 3.6 ಮೀಟರ್ ಮುಂದೆ ಇರುತ್ತಾನೆ. ಅವನು ಇರುವ ಜಾಗಕ್ಕೆ ಕೊಟ್ಟರೆ ಪಾಸ್ ಅವನ ಬೆನ್ನ ಹಿಂದೆ. ನನ್ನ ಪಾಸ್ ಜೊತೆಗಾರನ ಸ್ಕೇಟ್‌ಗೆ ಬಡಿದದ್ದು ಯಾಕೆ ಅಂತ ಅವತ್ತು ಈ ಲೆಕ್ಕ ಹಾಕಿದಾಗ ತಲೆಗೆ ಹೊಳೆಯಿತು. ಪಾಸ್ ಹೋಗಬೇಕಾದದ್ದು ಅವನ ಮೈಗಲ್ಲ, ಅವನ ಬ್ಲೇಡ್‌ನ ಮುಂದಿನ ಖಾಲಿ ಐಸ್‌ಗೆ.

ಹಾಗಾಗಿ ಐಸ್ ಮೇಲೆ ಸಾಧನ ಇಟ್ಟುಕೊಂಡರೆ ನೀವು ನಿಲ್ಲಬೇಡಿ. ಐಸ್‌ಗೆ ಕಚ್ಚಿಕೊಳ್ಳುವ ಮೊಳೆ ಇರುವ ರಿಬೌಂಡರ್ ಬೇಕು, ಇಲ್ಲದಿದ್ದರೆ ಅದೇ ಪಕ್‌ನ ಹಾಗೆ ಜಾರಿಕೊಂಡು ಹೋಗುತ್ತದೆ. ಇಂಗ್ಲಿಷ್ 8ರ ಆಕಾರದಲ್ಲಿ ಸ್ಕೇಟ್ ಮಾಡುತ್ತಾ, ಪ್ರತಿ ಸಲ ಅದರ ಮುಂದೆ ಹಾದಾಗ ಓರೆಯಾಗಿ ಕೊಟ್ಟು, ಓಡುತ್ತಲೇ ವಾಪಸ್ ಪಡೆಯಿರಿ. ಸ್ಕೇಟ್ ತಳ್ಳುವುದನ್ನು ನಿಲ್ಲಿಸಿ ಜಾರುತ್ತಾ ಪಾಸ್ ಕೊಡುವುದು ಎಲ್ಲರ ಕೆಟ್ಟ ಚಟ, ಎದುರಾಳಿಗೆ ಅದೇ ಸುಳಿವು. ಕಾಲು ಆಡುತ್ತಿರುವಾಗಲೇ ಪಕ್ ಬಿಡಿ.

ರಿಬೌಂಡರ್ ಒಯ್ಯಲು ಬಿಡದ ರಿಂಕ್‌ಗಳೂ ಇವೆ. ಬೇಸರ ಬೇಡ, ಸುತ್ತಲೂ ಬೋರ್ಡ್ ಇದೆಯಲ್ಲ. ತಳದ ಹಳದಿ ಪಟ್ಟಿಗೆ ಗುರಿಯಿಡಿ, ಪಕ್ ನೆಲಕ್ಕೇ ಉಳಿದು ಚೆನ್ನಾಗಿ ವಾಪಸ್ ಬರುತ್ತದೆ. ಕನ್ನಡಿಯ ಲೆಕ್ಕ ಇಲ್ಲೂ ಅದೇ, ಆದರೆ ಬೋರ್ಡ್ ರಬ್ಬರ್ ಅಲ್ಲ, ವೇಗ ಜಾಸ್ತಿ ತಿನ್ನುತ್ತದೆ. ಮನೆಯಲ್ಲಿ ಕೊಟ್ಟದ್ದಕ್ಕಿಂತ ಬಿರುಸಾಗಿ ಕೊಡಿ. ಬೋರ್ಡ್ ಪಕ್ಕ ಓಡುತ್ತಾ, ಎದುರಾಳಿಯ ಜಾಗದಲ್ಲಿ ಒಂದು ಕೋನ್ ಇಟ್ಟು, ಪಕ್ ಅನ್ನು ಬೋರ್ಡ್‌ಗೆ ಹೊಡೆದು ಕೋನ್ ಸುತ್ತಿ ಹೋಗಿ ನೀವೇ ಹಿಡಿಯಿರಿ. ಪಂದ್ಯದಲ್ಲಿ ನೇರವಾಗಿ ಕೆಲಸಕ್ಕೆ ಬರುವ ಅಭ್ಯಾಸ ಅಂದರೆ ನನ್ನ ಪ್ರಕಾರ ಇದೇ ಮೊದಲು.

ದಿನಕ್ಕೆ ಎಷ್ಟು ಹೊತ್ತು ಅಂತ ಕೇಳುತ್ತಾರೆ. ಹದಿನೈದು ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ. ಸದ್ದಿಲ್ಲದೆ ಹಿಡಿಯುವುದು ಐದು ನಿಮಿಷ ಯಾವತ್ತೂ ಇರಲಿ, ಉಳಿದದ್ದು ಆ ದಿನ ಯಾವುದರಲ್ಲಿ ನೀವು ಕೆಟ್ಟದಾಗಿದ್ದೀರೋ ಅದು. ದಣಿದ ಮೇಲೆ ಕೈ ಬಿಗಿಯುತ್ತದೆ, ಸದ್ದು ಶುರು ಆಗುತ್ತದೆ, ಅಲ್ಲಿಗೆ ನಿಲ್ಲಿಸಿ. ಫೋನನ್ನು ನೆಲದ ಮಟ್ಟದಲ್ಲಿ ಇಟ್ಟು ವಾರಕ್ಕೊಮ್ಮೆ ವೀಡಿಯೊ ಮಾಡಿ, ಮೇಲಿನ ಕೈ ಎಲ್ಲಿದೆ ಅಂತ ಮಾತ್ರ ನೋಡಿ.

ಸಾಧನದ ಆರೈಕೆ ಜಾಸ್ತಿ ಇಲ್ಲ. ಪ್ಯಾಡ್ ಒರಟಾದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ನೀವು ನಿಲ್ಲುವ ಜಾಗಕ್ಕೆ ಹೊಡೆಯಬೇಡಿ, ಜಾರಿ ಬೀಳುತ್ತೀರಿ. ರಿಬೌಂಡರ್‌ನ ಪಟ್ಟಿ ಬಿಸಿಲಿಗೆ ಬಿರಿಯುತ್ತದೆ, ಕೆಲಸ ಮುಗಿದ ಮೇಲೆ ನೆರಳಿಗೆ ಎಳೆದಿಡಿ. ತಿಂಗಳಿಗೊಮ್ಮೆ ಪಟ್ಟಿಯನ್ನು ಕೈಯಲ್ಲಿ ಎಳೆದು, ಕಂಬಕ್ಕೆ ಸುತ್ತಿದ ತಿರುವಿನ ಹತ್ತಿರ ಸಣ್ಣ ಬಿರುಕು ಇದೆಯಾ ನೋಡಿ. ಹರಿಯುವುದು ಯಾವಾಗಲೂ ಅಲ್ಲೇ, ಹರಿದಾಗ ಚಾಟಿಯ ಹಾಗೆ ಬೀಸುತ್ತದೆ, ಬಿರುಕು ಕಂಡ ದಿನವೇ ಹೊಸ ಪಟ್ಟಿ ಹಾಕಿ.